ಗೋಡೆಚಿತ್ರ ಸಾಲದು, ತಾಂಡಾದ ಸೂಜಿಯೂ ಬೇಕು

ಕಲಬುರಗಿಗೆ ಪಿಎಂ ಮಿತ್ರ ಜವಳಿ ಪಾರ್ಕ್ 2023ರಲ್ಲಿ ಘೋಷಣೆಯಾಯಿತು. ಹೊನ್ನಕಿರಣಗಿ ಭಾಗದ ಸುಮಾರು 1,000 ಎಕರೆಯಲ್ಲಿ ತಲೆಯೆತ್ತಬೇಕಾದ ಈ ಪಾರ್ಕ್ ದೇಶದ ಏಳರಲ್ಲಿ ಒಂದು. ಇಂಥ ಯೋಜನೆಗಳ ಬೆನ್ನಿಗೇ ಊರ ಗೋಡೆಗಳ ಮೇಲೆ ಮಗ್ಗ, ಚರಕದ ಚಿತ್ರ ಬರೆಸುವ ಉತ್ಸಾಹವೂ ಹುಟ್ಟುತ್ತದೆ. ಉತ್ಸಾಹ ತಪ್ಪಲ್ಲ. ಆದರೆ ಜವಳಿ ಪರಂಪರೆಯನ್ನು ಕೊಂಡಾಡುವ ಕಲೆಯನ್ನು ಬಟ್ಟೆ ಬಲ್ಲ ಕೈಗಳೇ ಮಾಡಬೇಕು, ಕೂಲಿಯೂ ಹೆಸರೂ ಆ ಕೈಗಳಿಗೇ ಸಲ್ಲಬೇಕು.

ಸೇಡಂ, ವಾಡಿ, ಶಹಾಬಾದ್ ಎಂದರೆ ಪರಸಿ ಕಲ್ಲು, ಸಿಮೆಂಟು. ಇಲ್ಲೆಲ್ಲಿಯ ಜವಳಿ ಎಂದು ಕೇಳುವವರಿದ್ದಾರೆ. ಉತ್ತರ ಚರಿತ್ರೆಯಲ್ಲಿದೆ. 1874ರಲ್ಲಿ ವಾಡಿಯಿಂದ ಹೈದರಾಬಾದಿಗೆ ನಿಜಾಮರ ರೈಲು ಓಡಿತು. ಆ ಶತಮಾನ ಮುಗಿಯುವ ಮೊದಲೇ ಕಲಬುರಗಿಯಲ್ಲಿ ಎಂಎಸ್‌ಕೆ ಜವಳಿ ಮಿಲ್ ಎದ್ದಿತು. ಮಿಲ್ಲು ಮುಚ್ಚಿ ದಶಕಗಳಾದವು. ಮುಚ್ಚದೆ ಉಳಿದದ್ದು ಚಿಂಚೋಳಿ, ಚಿತ್ತಾಪುರ, ಸೇಡಂ ತಾಲ್ಲೂಕುಗಳ ಲಂಬಾಣಿ ತಾಂಡಾಗಳ ಸೂಜಿ ಕೆಲಸ. ಕಾಂಚಳಿ ಎಂಬ ರವಿಕೆಗೆ ಕನ್ನಡಿ ಕೂಡಿಸುವುದನ್ನು ಹತ್ತಿರದಿಂದ ನೋಡಬೇಕು: ಅಂಟು ಹಚ್ಚುವುದಿಲ್ಲ, ಬಿಲ್ಲೆಯ ಅಂಚಿನ ಸುತ್ತ ದಾರ ಬಿಗಿದು, ಆ ದಾರದ ಮೇಲೆ ಮತ್ತೆ ದಾರ ಹೆಣೆದು ಕಟ್ಟುತ್ತಾರೆ. ಕವಡೆ, ನಾಣ್ಯಕ್ಕೂ ಅಷ್ಟೇ ತಾಳ್ಮೆ ಬೇಕು. ಹೊಸ ತಲೆಮಾರು ಈ ಉಡುಪು ಬಿಡುತ್ತಿದೆ, ನಿಜ. ಬಲ್ಲ ಅಜ್ಜಿಯರು ಇರುವಾಗಲೇ ಗೋಡೆಗೆ ಕಸೂತಿ ಪರದೆ ಹೊಲಿಸುವ ಕೆಲಸ ಶುರುವಾಗಬೇಕು ಎನ್ನುವುದಕ್ಕೆ ಅದೇ ಕಾರಣ.  2023ರಲ್ಲಿ ಹಂಪಿಯ ಜಿ20 ಸಭೆಯಲ್ಲಿ 450ಕ್ಕೂ ಹೆಚ್ಚು ಲಂಬಾಣಿ ಮಹಿಳೆಯರ ಸುಮಾರು 1,755 ಕಸೂತಿ ಕೃತಿಗಳು ಗಿನ್ನೆಸ್ ದಾಖಲೆ ಬರೆದವು. ಸಂಡೂರಿನ ಕುಶಲ ಕಲಾ ಕೇಂದ್ರ ಬೆನ್ನಿಗಿದ್ದದ್ದರಿಂದ ಅದು ಸಾಧ್ಯವಾಯಿತು. ಅಂಥ ಆಸರೆ ನಮ್ಮ ತಾಂಡಾಗಳಿಗೂ ಸಿಗಬೇಕು.

ಹೊಟ್ಟೆಗೆ ಹಿಟ್ಟಿಲ್ಲದವರಿಗೆ ಜುಟ್ಟಿಗೆ ಮಲ್ಲಿಗೆ ಯಾಕೆ ಎಂಬ ಆಕ್ಷೇಪ ಇನ್ನೂ ಗಟ್ಟಿಯಾದದ್ದು. ಮುಂಬೈ, ಪುಣೆಗೆ ಗುಳೆ ಹೋಗುವವರನ್ನು ಒಂದು ಕಸೂತಿ ಪರದೆ ತಡೆಯಲಾರದು. ಆದರೆ ಬೇಸಿಗೆಯಲ್ಲಿ ದಿನಗೂಲಿ ಲೆಕ್ಕದಲ್ಲಿ ಈ ಕೆಲಸ ಕೊಟ್ಟರೆ ಅದು ಮಲ್ಲಿಗೆಯಲ್ಲ, ಹಿಟ್ಟೇ. ಹೊರಗೂ ಮಾದರಿಯಿದೆ: ಉಣ್ಣೆ ಗಿರಣಿಗಳ ಊರಾಗಿದ್ದ ಸ್ಕಾಟ್ಲೆಂಡಿನ ಗ್ಯಾಲಶೀಲ್ಸ್‌ನಲ್ಲಿ, ಸುಮಾರು ಸಾವಿರ ಜನ ಸೇರಿ ಹೊಲಿದ 160 ಕಸೂತಿ ಫಲಕಗಳ ದೇಶ ಚರಿತ್ರೆಗೆ 2021ರಲ್ಲಿ ಸ್ವಂತ ಕಟ್ಟಡವೇ ಎದ್ದಿತು. ನಮಗೆ ಹೊಸ ಕಟ್ಟಡ ಬೇಡ. ವಾಡಿ ಜಂಕ್ಷನ್ನಿನ ನಿರೀಕ್ಷಣಾ ಕೊಠಡಿ, ತಾಲ್ಲೂಕು ಗ್ರಂಥಾಲಯಗಳ ಒಳಗೋಡೆ ಸಾಕು. ಸಿಮೆಂಟಿನ ದೂಳಿಗೆ ಬಟ್ಟೆ ತಾಳದ ಬಯಲಿನಲ್ಲಿ ಅದೇ ನಮೂನೆಗಳನ್ನು ಶಹಾಬಾದಿನ ಕಲ್ಲುಕುಟಿಗರು ಪರಸಿಯಲ್ಲಿ ಕೆತ್ತಲಿ.

ಶಹಾಬಾದ್ ನಗರಸಭೆ, ಸೇಡಂ, ವಾಡಿ, ಚಿತ್ತಾಪುರ, ಚಿಂಚೋಳಿ ಪುರಸಭೆಗಳು, ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ ಈ ಕೆಲಸವನ್ನು ಬಣ್ಣದ ಗುತ್ತಿಗೆಯಾಗಿ ಟೆಂಡರಿಗೆ ಹಾಕಬಾರದು. ಮೊದಲು ತಾಂಡಾಗಳಿಗೆ ಹೋಗಿ ಹೆಂಗಸರನ್ನು ಕೇಳಲಿ. ಏನು ಹೊಲಿಯಬೇಕೆಂಬುದನ್ನು ಅವರೇ ಹೇಳಲಿ.