ಖರ್ಜಕ್ಕೆ ಕೂಲಿ ಇಲ್ಲವೆ?

ರೋಣ, ನರಗುಂದ, ಗಜೇಂದ್ರಗಡಗಳ ಸುತ್ತಿನ ಊರುಗಳಲ್ಲಿ ತೇರು ಎಳೆದ ರಾತ್ರಿ ರಸಮಂಜರಿ ನಡೆಯದಿದ್ದರೆ ಜಾತ್ರೆ ಪೂರ್ತಿಯಾಗಲಿಲ್ಲವೆಂಬ ಭಾವನೆ ಬೇರೂರಿದೆ. ಅದು ಬೇಡವೆಂದು ನಾನು ಹೇಳಲಾರೆ. ಹಗಲು ತರಗತಿಯಲ್ಲಿ ವಚನ, ಕೀರ್ತನೆಗಳ ಪಾಠ ಹೇಳಿ, ರಾತ್ರಿ ಅಂಥ ವೇದಿಕೆಯ ಹಿಂದಿನ ಸಾಲಿನಲ್ಲಿ ಬೇಸ್ ಗಿಟಾರು ಹಿಡಿದು ನಿಲ್ಲುವವರಲ್ಲಿ ನಾನೂ ಒಬ್ಬ. ನನ್ನ ತಕರಾರು ಬೇರೆ. ಈಚಿನ ವರ್ಷಗಳಲ್ಲಿ ಈ ವೇದಿಕೆಗಳ ಮೇಲೆ ಒಂದು ವಿಪರೀತ ನಡೆದಿದೆ. ಮಂದ್ರದ ಸದ್ದು ಎದೆಗೂಡು ನಡುಗುವಷ್ಟು ಬೆಳೆದಿದೆ. ಮಂದ್ರವನ್ನು ನುಡಿಸುವ ಮನುಷ್ಯ ಮಾತ್ರ ಕಾಣೆಯಾಗುತ್ತಿದ್ದಾನೆ. ಆಳೆತ್ತರದ ಸ್ಪೀಕರ್ ಪೆಟ್ಟಿಗೆಗಳ ಬಾಡಿಗೆಗೆ ಹಣವುಂಟು; ನಾಲ್ಕು ತಂತಿಯ ಮೇಲೆ ಬೆರಳಾಡಿಸುವವನ ಕೂಲಿಗೆ ಹಣವಿಲ್ಲ. ಇದನ್ನು ನಾನು ಕಿವಿಯ ಬಡತನವೆನ್ನುತ್ತೇನೆ.

ಮಂದ್ರದ ಕೆಲಸವೇನೆಂಬುದನ್ನು ತಿಳಿಯಬೇಕಾದರೆ ಗಜೇಂದ್ರಗಡದ ನೇಕಾರರ ಮಗ್ಗದ ಮುಂದೆ ಒಂದು ಗಳಿಗೆ ಕೂಡಬೇಕು. ಅಂಚು, ಸೆರಗು ಎಲ್ಲರ ಕಣ್ಣಿಗೂ ಬೀಳುತ್ತವೆ. ಆದರೆ ಹಾಸು ಸಡಿಲಾದರೆ ಹೊಕ್ಕು ಎಷ್ಟು ಚೆಂದವಿದ್ದರೇನು? ಹಾಡಿಗೆ ಮಂದ್ರವೇ ಹಾಸು. ಒಂದು ಕೈಯಲ್ಲಿ ತಾಳವನ್ನು, ಇನ್ನೊಂದು ಕೈಯಲ್ಲಿ ಸ್ವರವನ್ನು ಹಿಡಿದು ಎರಡನ್ನೂ ಬಿಗಿದು ನಿಲ್ಲಿಸುವುದು ಅದರ ಧರ್ಮ. ನಮ್ಮ ಹಿರಿಯರಿಗೆ ಇದು ತಿಳಿಯದ ಮಾತಾಗಿರಲಿಲ್ಲ. ತಂಬೂರಿಯ ಕೊನೆಯ ತಂತಿ ಖರ್ಜದ್ದು. ತಬಲಾದ ಜೊತೆಗೆ ಡಗ್ಗಾ ಇಲ್ಲದೆ ನಡೆಯದು. ಪೇಟಿ ಮಾಡಿಸುವವರು ಖರ್ಜದ ರೀಡು ಎಷ್ಟು, ನರದ ರೀಡು ಎಷ್ಟು ಎಂದು ಮೊದಲೇ ಮಾತಾಡಿಕೊಳ್ಳುತ್ತಾರೆ. ರೋಣದ ನೆಲದವರಾದ ಭೀಮಸೇನ ಜೋಶಿಯವರ (1922–2011) ತಾರಸ್ಥಾಯಿಯ ತಾನುಗಳನ್ನು ನೆನೆದು ಹಿಗ್ಗುವ ನಾವು, ಅವರ ಎರಡೂ ಮಗ್ಗುಲಿಗೆ ನಿಂತು ನುಡಿಯುತ್ತಿದ್ದ ತಂಬೂರಿಗಳನ್ನೂ ನೆನೆಯಬೇಡವೆ? ನೆಲ ಗಟ್ಟಿಯಿದ್ದವನೇ ಎತ್ತರಕ್ಕೆ ಜಿಗಿದಾನು.

‘ಅದು ಪರದೇಶದ ವಾದ್ಯ, ನಮಗೇಕೆ?’ ಎನ್ನುವ ಮಡಿವಂತರಿದ್ದಾರೆ. ಹೌದು, ಪರದೇಶದ್ದೇ. ಅಮೆರಿಕೆಯ ಕ್ಯಾಲಿಫೋರ್ನಿಯಾದಲ್ಲಿ ಲಿಯೊ ಫೆಂಡರ್ ಎಂಬಾತ 1951ರಲ್ಲಿ ‘ಪ್ರಿಸಿಷನ್ ಬೇಸ್’ ಎಂಬ ಹೆಸರಿನಿಂದ ಅದನ್ನು ಮಾರುಕಟ್ಟೆಗೆ ತಂದ. ಅದಕ್ಕೆ ಮುಂಚೆ ಆ ಕೆಲಸಕ್ಕೆ ಆಳೆತ್ತರದ ಪಿಟೀಲಿನಂಥ ಡಬಲ್ ಬೇಸನ್ನು ಊರೂರಿಗೆ ಹೊತ್ತು ತಿರುಗಬೇಕಾಗಿತ್ತು. ಅದರ ದನಿ ಹಿಂಡಿನ ಗದ್ದಲದಲ್ಲಿ ಅಡಗಿಹೋಗುತ್ತಿತ್ತು. ಮೆಟ್ಟಿಲುಗಳಿರುವುದರಿಂದ ಸ್ವರ ತಪ್ಪದು, ಹೆಗಲಿಗೆ ತೂಗುಹಾಕಿಕೊಂಡರೆ ಬಸ್ಸಿನಲ್ಲಿ ಹೋಗಿ ಬರಬಹುದು. ಇಷ್ಟೇ ಅದರ ಹೆಚ್ಚುಗಾರಿಕೆ. ಆದರೆ ಪೇಟಿಯೂ ಫ್ರಾನ್ಸಿನಿಂದ ಬಂದದ್ದಲ್ಲವೆ? 1940ರಲ್ಲಿ ಆಕಾಶವಾಣಿ ಅದಕ್ಕೆ ಬಹಿಷ್ಕಾರ ಹಾಕಿ, 1971ರ ತನಕ ಬಾಗಿಲು ತೆರೆಯಲಿಲ್ಲ. ಅಷ್ಟೂ ಕಾಲ ನಮ್ಮ ಕಂಪನಿ ನಾಟಕಗಳು, ಭಜನಾ ಮೇಳಗಳು ಆ ಪೇಟಿಯನ್ನೇ ನಂಬಿ ಬದುಕಿದವು. ಗದುಗಿನ ವೀರೇಶ್ವರ ಪುಣ್ಯಾಶ್ರಮದ ಪುಟ್ಟರಾಜ ಗವಾಯಿಗಳು ಪಿಟೀಲನ್ನೂ ಪೇಟಿಯನ್ನೂ ಸಮನಾಗಿ ಪಳಗಿಸಿಕೊಂಡಿದ್ದರು. ವಾದ್ಯ ಎಲ್ಲಿಯದೆಂಬ ಪ್ರಶ್ನೆಗೆ ಅಷ್ಟು ಉತ್ತರ ಸಾಕು.

ಎರಡನೆಯ ವಾದ ಮೇಳ ನಡೆಸುವವರದು: ‘ಕೀಬೋರ್ಡಿನ ಎಡಗೈಯಲ್ಲೇ ಬೇಸ್ ಬರುತ್ತದೆ, ಇನ್ನೊಬ್ಬನಿಗೇಕೆ ದುಡ್ಡು?’ ಬರುತ್ತದೆ, ಸುಳ್ಳಲ್ಲ. ಆದರೆ ಅದು ಯಂತ್ರದೊಳಗೆ ಮೊದಲೇ ತುಂಬಿಟ್ಟ ನಡೆ. ಗುಂಡಿ ಒತ್ತಿದರೆ ತನ್ನ ಪಾಡಿಗೆ ತಾನು ಓಡುತ್ತದೆ. ಜಾತ್ರೆಯ ಹಾಡುಗಾರ ಹಾಗೆ ಓಡುವವನಲ್ಲ. ಸಿಳ್ಳು ಬಿದ್ದರೆ ಪಲ್ಲವಿಯನ್ನು ಮೂರು ಸಲ ಎತ್ತಿಕೊಳ್ಳುತ್ತಾನೆ, ಮರೆತರೆ ಒಂದು ಚರಣ ನುಂಗುತ್ತಾನೆ, ಉಸಿರು ಕಟ್ಟಿದರೆ ಅರ್ಧ ಮಾತ್ರೆ ತಡೆಯುತ್ತಾನೆ. ಅವನ ಮುಖ ನೋಡಿ ನಿಲ್ಲುವುದು, ನಡೆಯುವುದು ಮನುಷ್ಯನಿಗೆ ಮಾತ್ರ ಸಾಧ್ಯ. 1981ರಲ್ಲಿ ತೆರೆಕಂಡ ‘ಗೀತಾ’ ಚಿತ್ರದ ಹಾಡುಗಳನ್ನು ಇಂದಿಗೂ ಎಲ್ಲ ಮೇಳದವರೂ ಹಾಡುತ್ತಾರೆ. ಇಳಯರಾಜರ ಆ ಸಂಗೀತದಲ್ಲಿ ಬೇಸ್ ಗಿಟಾರು ಬರಿಯ ತಾಳ ಕುಟ್ಟುವುದಿಲ್ಲ. ಹಾಡಿನ ಕೆಳಗೆ ಇನ್ನೊಂದು ಹಾಡನ್ನು ಹಾಡುತ್ತದೆ. ಅದನ್ನು ತೆಗೆದು, ಗುಂಡಿ ಒತ್ತಿದ ನಡೆಯನ್ನು ಅಲ್ಲಿ ಕೂರಿಸುವುದು ಜೋಳದ ರೊಟ್ಟಿಯನ್ನು ತೆಗೆದು ರಟ್ಟಿನ ತುಂಡನ್ನು ಬಡಿಸಿದಂತೆ.

ಮೂರನೆಯ ವಾದ ಜಾತ್ರಾ ಸಮಿತಿಗಳದು. ಹೆಸರು ಹೇಳಲಿಚ್ಛಿಸದ ಒಂದು ಊರಿನ ಸಮಿತಿಯ ಹಿರಿಯರು ನನಗೆ ನೇರವಾಗಿಯೇ ಹೇಳಿದರು: “ಬಾಕ್ಸಿನೊಳಗ ಬೇಸ್ ಐತಲ್ರೀ ಸರ, ಮತ್ತ ನೀವ್ಯಾಕ?” ಹಗೇವಿನಲ್ಲಿ ಜೋಳವಿದೆಯಲ್ಲ, ಬಿತ್ತುವವನೇಕೆ ಎಂದು ಕೇಳಿದಂತಾಯಿತು. ಪೆಟ್ಟಿಗೆ ತಾನಾಗಿ ಏನನ್ನೂ ನುಡಿಯದು. ಕೊಟ್ಟದ್ದನ್ನು ಹಿಗ್ಗಿಸುತ್ತದೆ, ಅಷ್ಟೆ. ಹಿಂದೆ ಕಂಬಕ್ಕೆ ಕಟ್ಟುತ್ತಿದ್ದ ಲೋಹದ ಕಹಳೆಯಂಥ ಲೌಡ್‌ಸ್ಪೀಕರುಗಳು ಸೆಕೆಂಡಿಗೆ ಮುನ್ನೂರು ಕಂಪನಗಳಿಗಿಂತ ಕೆಳಗಿನ ದನಿಯನ್ನು ಹೆಚ್ಚುಕಡಿಮೆ ನುಂಗಿಬಿಡುತ್ತಿದ್ದವು. ಬೇಸ್ ಗಿಟಾರಿನ ದಪ್ಪ ತಂತಿಯ ಮೂಲದನಿ 41 ಕಂಪನಗಳದು. ಇಂದಿನ ಪೆಟ್ಟಿಗೆಗಳು ಅಷ್ಟು ಕೆಳಗೆ ಇಳಿಯಬಲ್ಲವು. ಇದು ಒಳ್ಳೆಯ ಕಾಲವೇ ಸರಿ. ಆದರೆ ಆ ಶಕ್ತಿಯನ್ನು ನಾವು ಬಳಸುತ್ತಿರುವುದು ಯಾವುದಕ್ಕೆ? ಒಂದೇ ಮಟ್ಟದಲ್ಲಿ ‘ಗುಮ್ ಗುಮ್’ ಎಂದು ಮನೆಯ ತಗಡು ಅಲುಗಾಡಿಸುವುದಕ್ಕೆ. ಪೆಟ್ಟಿಗೆಗಳ ಬಲವನ್ನು ಎರಡರಷ್ಟು ಮಾಡಿದರೆ ಸದ್ದು ಎರಡರಷ್ಟಾಗುವುದೂ ಇಲ್ಲ. ಬರಿಯ ಮೂರು ಡೆಸಿಬೆಲ್ ಏರುತ್ತದೆ, ಕಿವಿಗೆ ತುಸು ಹೆಚ್ಚೆನಿಸುತ್ತದೆ. ಕಿವಿಗೆ ಎರಡರಷ್ಟು ಎನಿಸಬೇಕಾದರೆ ಹತ್ತರಷ್ಟು ಬಲ ಬೇಕು. ಪಕ್ಕದೂರಿನವರಿಗಿಂತ ನಾಲ್ಕು ಪೆಟ್ಟಿಗೆ ಹೆಚ್ಚು ತರಿಸಿದೆವೆಂಬ ಜಂಬಕ್ಕೆ ಸುರಿದ ಹಣ ಗಾಳಿಗೆ ಹೋಯಿತೆಂದೇ ಲೆಕ್ಕ. ರಾತ್ರಿ ಹತ್ತರಿಂದ ಬೆಳಗಿನ ಆರರ ತನಕ ಬಯಲಿನಲ್ಲಿ ಧ್ವನಿವರ್ಧಕ ಕೂಡದೆಂಬ 2000ದ ನಿಯಮವೂ ಇದೆ. ಹಬ್ಬಹರಿದಿನಗಳಿಗೆಂದು ವರ್ಷಕ್ಕೆ ಹದಿನೈದು ದಿನ ಮೀರದಂತೆ ನಡುರಾತ್ರಿಯವರೆಗೆ ಸಡಿಲಿಸುವ ಅಧಿಕಾರ ಸರಕಾರಕ್ಕುಂಟು. ಪೊಲೀಸರು ಬಂದಾಗ ಮೊದಲು ಬಾಯಿ ಮುಚ್ಚಿಸಿಕೊಳ್ಳುವುದು ಈ ಪೆಟ್ಟಿಗೆಗಳೇ. ಒಬ್ಬ ಒಳ್ಳೆಯ ವಾದಕ ಸಣ್ಣ ಸದ್ದಿನಲ್ಲೂ ಹಾಡನ್ನು ತುಂಬಿ ನಿಲ್ಲಿಸಬಲ್ಲ.

ಇನ್ನು ನಮ್ಮ ಕಿರಿಯ ವಾದಕರಿಗೆ ಎರಡು ಕಟು ಮಾತು. ಸಮಿತಿಯವರು ಪೆಟ್ಟಿಗೆಗೆ ಮರುಳಾದರೆ, ನೀವು ಬಣ್ಣದ ಚಿತ್ರಗಳಿಗೆ ಮರುಳಾಗುತ್ತೀರಿ. ಕೈ ಕುದುರುವ ಮೊದಲೇ ಐದು ತಂತಿಯ ಬೇಸ್ ಬೇಕೆಂದು ಸಾಲ ಮಾಡುತ್ತೀರಿ. ಐದನೆಯ ತಂತಿಯ ದನಿ 31 ಕಂಪನಗಳದು. ನಮ್ಮ ಊರುಗಳ ಬಾಡಿಗೆ ಪೆಟ್ಟಿಗೆಗಳಲ್ಲಿ ಅದನ್ನು ಸ್ಪಷ್ಟವಾಗಿ ನುಡಿಯುವಂಥವು ಎಷ್ಟಿವೆ? ಹಾಡುಗಾರರ ಶ್ರುತಿಗೆ ನಿಜವಾಗಿ ಬೇಕಾದಾಗ ಅದನ್ನು ಕೊಳ್ಳಬಹುದು. ಅಲ್ಲಿಯವರೆಗೆ ನಾಲ್ಕು ಸಾಕು. ಮೊದಲು ನೋಡಬೇಕಾದದ್ದು ಮೆಟ್ಟಿಲುಗಳು ಸಮವಾಗಿವೆಯೇ, ಹನ್ನೆರಡನೆಯ ಮೆಟ್ಟಿಲಿನಲ್ಲಿ ತಂತಿ ಸರಿಯಾಗಿ ಮೇಲಿನ ಸ್ವರಕ್ಕೆ ನಿಲ್ಲುತ್ತದೆಯೇ ಎಂಬುದನ್ನು. ನಮ್ಮ ಎರೆನಾಡಿನ ಬೇಸಗೆಗೂ ಮಳೆಗಾಲದ ತೇವಕ್ಕೂ ಮರದ ಕತ್ತು ಬಾಗುತ್ತದೆ. ಒಳಗಿನ ಉಕ್ಕಿನ ಸಲಾಕೆಯನ್ನು ಕಾಲು ಸುತ್ತು ತಿರುಗಿಸಿ ನೆಟ್ಟಗೆ ಮಾಡುವುದನ್ನು ಬಲ್ಲವರಿಂದ ಕಲಿಯಿರಿ. ಆಮೇಲೆ ಒಳ್ಳೆಯ ವಯರು ಎರಡು, ಶ್ರುತಿ ನೋಡುವ ಉಪಕರಣ ಒಂದು, ಗಿಟಾರನ್ನು ಮಿಕ್ಸರಿಗೆ ಜೋಡಿಸುವ ಡಿ.ಐ. ಪೆಟ್ಟಿಗೆ ಒಂದು. ಅಂಗೈಯಗಲದ ಈ ಪೆಟ್ಟಿಗೆಯಿದ್ದರೆ ಉದ್ದದ ವಯರಿನಲ್ಲಿಯೂ ‘ಗುಂಯ್’ ಎಂಬ ಕೆಟ್ಟ ಸದ್ದು ಸೇರುವುದು ಕಡಿಮೆ. ಆಂಪ್ಲಿಫಯರು ಕೊನೆಯ ಮಾತು. ಜನ ಕೇಳುವುದು ಬಾಡಿಗೆಯ ಪೆಟ್ಟಿಗೆಗಳಿಂದ. ನಿಮ್ಮದು ನಿಮ್ಮ ಕಿವಿಗೆ ಸಾಕಾದರೆ ಸಾಕು. ಬಸ್ಸಿನ ಬಾಗಿಲಲ್ಲಿ ಹಿಡಿಯದ ಸಾಮಾನು ದುಡಿಯುವ ವಾದಕನ ಸಾಮಾನಲ್ಲ. ನೀವು ಸಾಮಾನಿಗೆ ಸುರಿದಷ್ಟೂ ಸಮಿತಿಯವರ ನಂಬಿಕೆ ಗಟ್ಟಿಯಾಗುತ್ತದೆ: ಸಂಗೀತವೆಂದರೆ ಸಾಮಾನೇ, ಮನುಷ್ಯನಲ್ಲ ಎಂದು.

ನನ್ನ ಬೇಡಿಕೆ ದೊಡ್ಡದಲ್ಲ. ಜಾತ್ರಾ ಸಮಿತಿಗಳು ಮೇಳದೊಡನೆ ಕರಾರು ಮಾಡುವಾಗ ಪೆಟ್ಟಿಗೆಗಳ ಸಂಖ್ಯೆಯನ್ನು ಬರೆಯಿಸುವಂತೆಯೇ ಕೈಯಿಂದ ನುಡಿಸುವವರ ಸಂಖ್ಯೆಯನ್ನೂ ಬರೆಯಿಸಲಿ. ಎರಡು ಪೆಟ್ಟಿಗೆ ಕಡಿಮೆ ತರಿಸಿ, ಆ ಬಾಡಿಗೆಯನ್ನು ಒಬ್ಬ ವಾದಕನ ಕೈಗಿಡಲಿ. ಮೇಳದ ಯಜಮಾನರು ಹಿಂದಿನ ಸಾಲಿನವನಿಗೂ ಮುಂದಿನ ಸಾಲಿನವನೊಡನೆ ಅದೇ ರಾತ್ರಿ ಲೆಕ್ಕ ಮುಗಿಸಲಿ. ನಮ್ಮ ಕಾಲೇಜುಗಳು ಯುವಜನೋತ್ಸವಗಳಲ್ಲಿ ಪೆನ್ ಡ್ರೈವಿನ ಹಾಡಿಗೆ ಬಾಯಾಡಿಸುವವರಿಗೆ ಬಹುಮಾನ ಕೊಡುವುದನ್ನು ನಿಲ್ಲಿಸಿ, ತಪ್ಪಾದರೂ ತಾನೇ ನುಡಿಸುವ ಹುಡುಗನಿಗೆ ಕೊಡಲಿ. ಕೂಲಿ ಇಲ್ಲದ ಕಸುಬು ಒಂದು ತಲೆಮಾರಿಗೆ ಮೇಲೆ ನಿಲ್ಲುವುದಿಲ್ಲ. ಖರ್ಜ ಹಿಡಿಯುವ ಕೈಗಳು ಒಮ್ಮೆ ಹೊಲಕ್ಕೋ ಬೆಂಗಳೂರಿನ ಗಾರೆ ಕೆಲಸಕ್ಕೋ ಹೊರಟುಹೋದರೆ, ಎಷ್ಟು ಪೆಟ್ಟಿಗೆ ಪೇರಿಸಿದರೂ ಅವು ತಿರುಗಿ ಬರಲಾರವು.