ಹಲ್ಲು ಕಿತ್ತ ಮೇಲಿನ ಮೂರು ದಿನ

ಪುಣೆಯ ವಾರ್ಜೆಯಲ್ಲೋ ಕಾತ್ರಜ್‌ನಲ್ಲೋ ಬೆಳಿಗ್ಗೆ ಕೂಲಿಯವರು ಸೇರುವ ಮಜೂರ್ ಅಡ್ಡಾದ ಪಕ್ಕ ಹಾದುಹೋದರೆ ಕಲಬುರಗಿ, ಯಾದಗಿರಿ, ವಿಜಯಪುರದ ಕನ್ನಡ ಕಿವಿಗೆ ಬೀಳುತ್ತದೆ. ಕಟ್ಟಡದ ಕೆಲಸಕ್ಕೆ ಬಂದು ತಗಡಿನ ಶೆಡ್ಡುಗಳಲ್ಲಿ ಬಿಡಾರ ಹೂಡಿದವರ ಮಾತು ಅದು. ಅವರಲ್ಲಿ ಒಬ್ಬರಿಗೆ ದವಡೆ ಹಲ್ಲು ನೋಯತೊಡಗಿದರೆ ಮೊದಲು ಲವಂಗ, ಆಮೇಲೆ ಮಿಶ್ರಿ, ಅದಾದ ಮೇಲೆ ಔಷಧದಂಗಡಿಯ ಗುಳಿಗೆ. ಇದ್ಯಾವುದೂ ನಡೆಯದಾದಾಗ ದಂತವೈದ್ಯರು. ಹಲ್ಲು ಕೀಳುವುದು ಬಹುತೇಕ ಅರ್ಧ ಗಂಟೆಯೊಳಗಿನ ಕೆಲಸ. ಮರುದಿನವೇ ಅದೇ ಮನುಷ್ಯ ಅಡ್ಡಾದಲ್ಲಿ ಬಂದು ನಿಲ್ಲುವುದು ಅಪರೂಪವಲ್ಲ.

‘ಹಲ್ಲು ಹೋಯ್ತು, ನೋವೂ ಹೋಯ್ತು’ ಎಂಬ ನಂಬಿಕೆಯೇ ಇದಕ್ಕೆ ಕಾರಣ. ನಿಜವಾಗಿ ನೋಡಿದರೆ, ರೋಗಿ ಸುಖವಾಗಿರುತ್ತಾನೋ ನರಳುತ್ತಾನೋ ಎಂಬುದು ಬಹುಮಟ್ಟಿಗೆ ಮುಂದಿನ ಮೂರು ದಿನಗಳಲ್ಲಿ ತೀರ್ಮಾನವಾಗುತ್ತದೆ. ಹಲ್ಲಿದ್ದ ಗುಳಿಯಲ್ಲಿ ರಕ್ತ ಹೆಪ್ಪುಗಟ್ಟುತ್ತದೆ. ಆ ಹೆಪ್ಪೇ ಗಾಯದ ಮುಚ್ಚಳ. ಅದರ ಕೆಳಗೆ ಹೊಸ ಮಾಂಸ ಬೆಳೆಯಬೇಕು. ಹೆಪ್ಪು ಕಿತ್ತುಹೋದರೆ ಒಳಗಿನ ಎಲುಬು ಬರಿದಾಗಿ, ಎರಡು ಮೂರು ದಿನ ಬಿಟ್ಟು ಕಿವಿಯವರೆಗೆ ಸಿಡಿಯುವ ನೋವು ಶುರುವಾಗುತ್ತದೆ. ವೈದ್ಯರು ಇದನ್ನು ‘ಡ್ರೈ ಸಾಕೆಟ್’ ಎನ್ನುತ್ತಾರೆ. ಸಾಮಾನ್ಯವಾಗಿ ಹಲ್ಲು ಕೀಳಿಸಿಕೊಂಡ ನೂರು ಮಂದಿಯಲ್ಲಿ 2ರಿಂದ 5 ಮಂದಿಗೆ ಇದು ಬರುತ್ತದೆ. ಕೆಳದವಡೆಯ ಬುದ್ಧಿಹಲ್ಲಿನಲ್ಲಿ ಹೆಚ್ಚು. ಬಂದರೆ ವಾರಗಟ್ಟಲೆ ಕಾಟ, ಮತ್ತೆ ಮತ್ತೆ ವೈದ್ಯರ ಬಳಿ ಅಲೆದಾಟ.

ಹೆಪ್ಪನ್ನು ಉಳಿಸಿಕೊಳ್ಳುವ ವಿದ್ಯೆ ದೊಡ್ಡದೇನಲ್ಲ. ವೈದ್ಯರು ಇಟ್ಟ ಹತ್ತಿಯ ಉಂಡೆಯನ್ನು ಮುಕ್ಕಾಲು ಗಂಟೆ ಗಟ್ಟಿಯಾಗಿ ಕಚ್ಚಿರಬೇಕು. ಒಂದು ದಿನ ಉಗುಳಬಾರದು, ಬಾಯಿ ಮುಕ್ಕಳಿಸಬಾರದು, ಸ್ಟ್ರಾ ಹಾಕಿ ಹೀರಬಾರದು. ಎಂಜಲು ಸ್ವಲ್ಪ ಕೆಂಪಾಗಿರುವುದು ಸಹಜ, ನುಂಗಿದರೆ ತೊಂದರೆಯಿಲ್ಲ. ಕೆನ್ನೆಯ ಮೇಲೆ ಬಟ್ಟೆಯಲ್ಲಿ ಸುತ್ತಿದ ಐಸನ್ನು ಕಾಲು ಗಂಟೆ ಇಡುವುದು, ಕಾಲು ಗಂಟೆ ಬಿಡುವುದು. ಮೊದಲ ದಿನವೇ ಬಿಸಿ ಶಾಖ ಕೊಟ್ಟರೆ ಬಾವು ಹೆಚ್ಚಬಹುದು. ವೈದ್ಯರು ಬರೆದ ನೋವಿನ ಗುಳಿಗೆಯನ್ನು ಮರಗಟ್ಟಿದ್ದು ಬಿಡುವ ಮುಂಚೆಯೇ, ಏನಾದರೂ ತಿಂದು, ತೆಗೆದುಕೊಳ್ಳಬೇಕು. ಹೊಟ್ಟೆಹುಣ್ಣು, ಮೂತ್ರಪಿಂಡದ ತೊಂದರೆ, ರಕ್ತ ತೆಳುವಾಗಿಸುವ ಮಾತ್ರೆ ಇದ್ದರೆ ಅದನ್ನು ಮೊದಲೇ ವೈದ್ಯರಿಗೆ ಹೇಳಿರಬೇಕು. ರಾತ್ರಿ ತಲೆ ಎತ್ತರಕ್ಕಿರಲಿ. ಮರುದಿನದಿಂದ ಉಗುರುಬೆಚ್ಚಗಿನ ಉಪ್ಪುನೀರನ್ನು ಮೆಲ್ಲಗೆ ಬಾಯಲ್ಲಿ ಆಡಿಸಬೇಕು. ರಕ್ತ ನಿಲ್ಲದಿದ್ದರೆ, ಜ್ವರ ಬಂದರೆ, ಮೂರನೆಯ ದಿನ ನೋವು ಇಳಿಯುವ ಬದಲು ಏರಿದರೆ ಮತ್ತೆ ವೈದ್ಯರ ಬಳಿಗೇ ಹೋಗಬೇಕು.

ಇಷ್ಟನ್ನೂ ಹೆಚ್ಚಿನ ದವಾಖಾನೆಗಳಲ್ಲಿ ಹೇಳುತ್ತಾರೆ. ಹೇಳುವ ಗಳಿಗೆ ಮತ್ತು ಭಾಷೆಯಲ್ಲಿದೆ ತೊಡಕು. ಬಾಯಲ್ಲಿ ಹತ್ತಿ, ಮರಗಟ್ಟಿದ ತುಟಿ, ಮನಸ್ಸಿನಲ್ಲಿ ಇನ್ನೂ ಇಳಿಯದ ಹೆದರಿಕೆ. ಆಗ ಮರಾಠಿಯಲ್ಲಿ ಎರಡು ನಿಮಿಷದ ಸೂಚನೆ, ಕೈಗೆ ಇಂಗ್ಲಿಷಿನ ಚೀಟಿ. ತಿರುಗಿ ಕೇಳೋಣವೆಂದರೆ ಬಾಯಿ ತೆರೆಯುವಂತಿಲ್ಲ. ಹಿಂಜವಡಿಯ ಕಂಪ್ಯೂಟರ್ ಕಂಪನಿಯ ಉದ್ಯೋಗಿಗೆ ಇದೇನೂ ಕಷ್ಟವಲ್ಲ. ಮನೆಯಲ್ಲಿ ಫ್ರಿಜ್ ಇದೆ, ಮನೆಯಿಂದಲೇ ಕೆಲಸವಿದೆ, ಚಮಚದಲ್ಲಿ ತಿನ್ನಲು ಐಸ್‌ಕ್ರೀಮೂ ಇದೆ. ತಗಡಿನ ಶೆಡ್ಡಿನವನಿಗೆ ‘ವಿಶ್ರಾಂತಿ ತೊಗೊಳ್ರಿ’ ಎಂದರೆ ಅದರ ಅರ್ಥ ‘ಎರಡು ದಿನದ ಪಗಾರ ಬಿಡ್ರಿ’ ಎಂದೇ.

ಇನ್ನೊಂದು ತೊಡಕು ತಂಬಾಕಿನದು. ತಂಬಾಕನ್ನು ಹಂಚಿನ ಮೇಲೆ ಹುರಿದು ಪುಡಿಮಾಡಿದ ಮಿಶ್ರಿಯಿಂದ ಹಲ್ಲುಜ್ಜುವ ರೂಢಿ ಮಹಾರಾಷ್ಟ್ರದಲ್ಲಿ ಹಳೆಯದು, ಹೆಂಗಸರಲ್ಲಿ ಹೆಚ್ಚು. 2016–17ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ದೇಶದ ವಯಸ್ಕರಲ್ಲಿ ನೂರಕ್ಕೆ 21.4 ಮಂದಿ ಹೊಗೆಯಿಲ್ಲದ ತಂಬಾಕು ಬಳಸುತ್ತಾರೆ. ಬೀಡಿ ಸೇದಿದರೆ ಡ್ರೈ ಸಾಕೆಟ್ ಬರುವ ಸಂಭವ ಹೆಚ್ಚು; ಮಿಶ್ರಿ, ಗುಟ್ಕಾ ಹಾಕಿದರೆ ಉಜ್ಜುವುದು, ಉಗುಳುವುದು ತಪ್ಪದು. ಬರೀ ‘ಸಿಗರೇಟ್ ಬೇಡ’ ಎಂದು ಹೇಳಿದರೆ ಮಿಶ್ರಿ ಹಚ್ಚುವ ತಾಯಿ ಅದು ತನಗಲ್ಲ ಎಂದುಕೊಳ್ಳುತ್ತಾಳೆ.

ಊಟದ ಮಾತೂ ಹಾಗೆಯೇ. ಚೀಟಿಯಲ್ಲಿ ಸೂಪು, ಯೋಗರ್ಟ್ ಎಂದಿರುತ್ತದೆ. ಉತ್ತರ ಕರ್ನಾಟಕದ ಮನೆಗೆ ಬೇಕಾದ ಸೂಚನೆ ಬೇರೆ: ಕಟಕ ರೊಟ್ಟಿ ಬೇಡ, ಶೇಂಗಾ ಚಟ್ನಿ ಬೇಡ, ಆ ಪುಡಿ ಗುಳಿಯಲ್ಲಿ ಕೂರುತ್ತದೆ, ಖಾರ ಉರಿಸುತ್ತದೆ. ಜೋಳದ ನುಚ್ಚಿಗೆ ಮಜ್ಜಿಗೆ ಕಲಸಿ, ಆರಿಸಿ, ಇನ್ನೊಂದು ಬದಿಯಲ್ಲಿ ಉಣ್ಣಿ. ಇಷ್ಟು ಹೇಳಿದರೆ ಯಾರಿಗೂ ಅನುಮಾನ ಉಳಿಯುವುದಿಲ್ಲ.

‘ಒಂದು ಹಲ್ಲಿಗೆ ಇಷ್ಟು ಉಪಚಾರವೇ?’ ಎಂದು ಗುತ್ತಿಗೆದಾರ ಕೇಳಬಹುದು. ಲೆಕ್ಕ ಹಾಕಲಿ. ಹಲ್ಲು ಕಿತ್ತ ಮೊದಲ ದಿನಗಳಲ್ಲಿ ಭಾರ ಎತ್ತಿದರೆ, ಬಗ್ಗಿ ದುಡಿದರೆ ನಿಂತ ರಕ್ತ ಮತ್ತೆ ಒಸರಬಹುದು. ಸಿಮೆಂಟಿನ ಬುಟ್ಟಿ ಹೊರುವುದು ಅದೇ ಕೆಲಸ. ಎರಡು ದಿನ ಹಗುರ ಕೆಲಸ ಕೊಟ್ಟರೆ ಆಗುವ ನಷ್ಟ ಸ್ವಲ್ಪ, ವಾರವಿಡೀ ಆಳು ಮಲಗಿದರೆ ಆಗುವುದು ಹೆಚ್ಚು. ಇಎಸ್‌ಐ ವಿಮೆ ಇರುವ ಕಾರ್ಮಿಕನಿಗೆ ವೈದ್ಯರ ಪ್ರಮಾಣಪತ್ರದ ಮೇಲೆ ಕೂಲಿಯ ಶೇ. 70 ಭಾಗ ಸಿಗುವ ವ್ಯವಸ್ಥೆಯಿದೆ. ಅಡ್ಡಾದಲ್ಲಿ ನಿಲ್ಲುವವನಿಗೆ ಅದೂ ಇಲ್ಲ. ಆದ್ದರಿಂದ ಈ ಹೊಣೆ ಕೆಲಸ ಕೊಡುವವರ ಮೇಲೇ ಬೀಳುತ್ತದೆ.

ಚೀಟಿಯನ್ನು ಮಾತ್ರ ನಾಳೆಯೇ ಬದಲಿಸಬಹುದು. ಪುಣೆಯಲ್ಲಿ ದಂತವೈದ್ಯ ಕಾಲೇಜುಗಳು ಹಲವಿವೆ. ಅಲ್ಲಿ ಕನ್ನಡ ಬಲ್ಲ ವಿದ್ಯಾರ್ಥಿಗಳು ಸಿಗದಿರಲಾರರು. ಶಾಲೆಗಳನ್ನು ನಡೆಸುವ ಪುಣೆಯ ಕನ್ನಡ ಸಂಘವಿದೆ. ಒಂದೇ ಹಾಳೆ, ದೊಡ್ಡ ಅಕ್ಷರ, ಓದಲಾರದವರಿಗಾಗಿ ನಾಲ್ಕು ಚಿತ್ರ, ಶೆಡ್ಡಿನಲ್ಲಿ ಎಲ್ಲರೂ ಕೇಳುವಂತೆ ಮೊಬೈಲಿಗೆ ಎರಡು ನಿಮಿಷದ ಧ್ವನಿ. ಹಲ್ಲು ಕೀಳುವ ಮೊದಲೇ, ರೋಗಿ ಬಾಯಿ ತೆರೆದು ಪ್ರಶ್ನೆ ಕೇಳಬಲ್ಲಾಗಲೇ, ಅದು ಅವನ ಕೈಸೇರಬೇಕು.