ಸಮಾನತೆಯ ಪಾಠ ಮೇಲಿನ ಮಹಡಿಯಲ್ಲಿ, ಹತ್ತಲು ಮೆಟ್ಟಿಲಷ್ಟೇ

ಕಾನೂನು ಮುರಿಯುವುದು ಹೇಗೆ ಅಂತ ಕಲಿಯಲು ಕಳ್ಳರ ಹತ್ತಿರ ಹೋಗಬೇಕಿಲ್ಲ, ಜಿಲ್ಲಾ ಕೇಂದ್ರದ ಕಾನೂನು ಕಾಲೇಜಿಗೆ ಹೋದರೆ ಸಾಕು. ಕೆಳಗೆ ಆಫೀಸು, ಪ್ರಾಂಶುಪಾಲರ ಕೊಠಡಿ. ಮೇಲೆ ತರಗತಿ, ಲೈಬ್ರರಿ, ಅಣಕು ನ್ಯಾಯಾಲಯ. ನಡುವೆ ಮೆಟ್ಟಿಲು. ಹತ್ತಲಾಗದ ಹುಡುಗನನ್ನು ಇಬ್ಬರು ಗೆಳೆಯರು ಎತ್ತಿಕೊಂಡು ಹೋಗುತ್ತಾರೆ. ಹೋಗಿ ಕೂರಿಸಿದ ಮೇಲೆ ಅಲ್ಲಿ ನಡೆಯುವ ಪಾಠ ಸಂವಿಧಾನದ 14ನೇ ವಿಧಿ: ಕಾನೂನಿನ ಮುಂದೆ ಎಲ್ಲರೂ ಸಮಾನರು.

ನಾವು ಜಿಲ್ಲಾ ಸುದ್ದಿ ಬರೆಯುವವರು. ಕೋರ್ಟು, ಕಾಲೇಜು, ಡಿಸಿ ಆಫೀಸು ಸುತ್ತುವುದೇ ನಮ್ಮ ಕಸುಬು. ವಿಕಲಚೇತನ ವಿದ್ಯಾರ್ಥಿಗಳ ಬಗ್ಗೆ ಸುದ್ದಿ ಕಳಿಸಿದಾಗಲೆಲ್ಲ ಡೆಸ್ಕಿನಿಂದ ಬರುವ ಪ್ರಶ್ನೆ ಒಂದೇ: 'ಸಾಧನೆ ಏನಾದ್ರೂ ಇದೆಯೇನ್ರೀ?' ಚಿನ್ನದ ಪದಕ ಬಂದರೆ ಫೋಟೊ ಸಮೇತ ಬಾಕ್ಸ್ ಐಟಂ. ಪರೀಕ್ಷೆಯಲ್ಲಿ ಸ್ಕ್ರೈಬ್ ಸಿಗದೆ ಪೇಪರ್ ಬಿಟ್ಟು ಬಂದರೆ ಅದು ಸುದ್ದಿಯಲ್ಲ. ಆದ್ದರಿಂದ ಇಲ್ಲಿ ಬರೆಯುತ್ತಿದ್ದೇವೆ. ನಾವು ಹೇಳುವುದು ಇಷ್ಟೇ: ಕಾನೂನು ಓದುವ ವಿಕಲಚೇತನರಿಗೆ ಕೊಡಬೇಕಾದ ಅನುಕೂಲ ಕಾಲೇಜಿನ ಕನಿಕರವಲ್ಲ, ಕಾಲೇಜಿನ ಮೇಲಿರುವ ಸಾಲ. ಆ ಸಾಲವನ್ನು ದಾನದ ಹೆಸರಿನಲ್ಲಿ, ಕಂತು ಕಂತಾಗಿ, ಕಾಡಿಸಿ ಕೊಡುವುದು ನಿಲ್ಲಬೇಕು.

ಕಾಯ್ದೆ ಏನು ಹೇಳುತ್ತದೆ ನೋಡಿ. ವಿಕಲಚೇತನರ ಹಕ್ಕುಗಳ ಕಾಯ್ದೆ 2016ರಲ್ಲಿ ಬಂತು, 2017ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ಸರ್ಕಾರದ ಹಣ ಪಡೆಯುವ ಅಥವಾ ಮಾನ್ಯತೆ ಪಡೆದ ಶಿಕ್ಷಣ ಸಂಸ್ಥೆಗಳು ಕಟ್ಟಡವನ್ನು ಎಲ್ಲರೂ ಬಳಸುವಂತೆ ಮಾಡಬೇಕು, ಆಯಾ ವಿದ್ಯಾರ್ಥಿಯ ಅಗತ್ಯಕ್ಕೆ ತಕ್ಕ ಅನುಕೂಲ ಒದಗಿಸಬೇಕು ಅನ್ನುತ್ತದೆ 16ನೇ ಕಲಂ. ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ, ಸ್ಕ್ರೈಬ್ ಕೊಡಬೇಕು ಅನ್ನುತ್ತದೆ 17ನೇ ಕಲಂ. ಸರ್ಕಾರಿ ಮತ್ತು ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳು ಕನಿಷ್ಠ ಶೇ 5ರಷ್ಟು ಸೀಟು ಮೀಸಲಿಡಬೇಕು ಅನ್ನುತ್ತದೆ 32ನೇ ಕಲಂ. ಕಾಯ್ದೆ ಉಲ್ಲಂಘಿಸಿದರೆ ಮೊದಲ ಸಲ 10,000 ರೂಪಾಯಿವರೆಗೆ ದಂಡ, ಮತ್ತೆ ಮತ್ತೆ ಉಲ್ಲಂಘಿಸಿದರೆ 50,000ದಿಂದ 5 ಲಕ್ಷದವರೆಗೆ ಅನ್ನುತ್ತದೆ 89ನೇ ಕಲಂ. ಇದನ್ನು ನಾವು ಕಾನೂನು ಉಪನ್ಯಾಸಕರಿಗೆ ಓದಿ ಹೇಳಬೇಕಾಗಿ ಬಂದಿದೆ ಅನ್ನುವುದೇ ನಾಚಿಕೆಗೇಡು.

ಇನ್ನೊಂದು ಸಂಗತಿ ಕಾನೂನು ಕಾಲೇಜುಗಳವರಿಗೆ ನೆನಪಿಲ್ಲದಿದ್ದರೆ ನಾವು ನೆನಪಿಸುತ್ತೇವೆ. ಉನ್ನತ ಶಿಕ್ಷಣದಲ್ಲಿ ಶೇ 5 ಮೀಸಲಾತಿ ಕಡ್ಡಾಯವಾಗಿ ಪಾಲಿಸಿ ಎಂದು ಸುಪ್ರೀಂ ಕೋರ್ಟ್ 2017ರ ಡಿಸೆಂಬರ್ 15ರಂದು ಹೇಳಿದ್ದು ಡಿಸೇಬಲ್ಡ್ ರೈಟ್ಸ್ ಗ್ರೂಪ್ ಹಾಕಿದ್ದ ಅರ್ಜಿಯಲ್ಲಿ. ಆ ಅರ್ಜಿ ಹುಟ್ಟಿದ್ದೇ ಕಾನೂನು ಕಾಲೇಜುಗಳ ವಿಷಯಕ್ಕೆ. ಅಲ್ಲಿ ಸೀಟು ಕೊಡುತ್ತಿಲ್ಲ, ಕಟ್ಟಡ ಹತ್ತಲಾಗುವುದಿಲ್ಲ, ಪಾಠ ಹೇಳುವ ಕ್ರಮ ತಲುಪುತ್ತಿಲ್ಲ ಎಂಬ ದೂರು. ಕೋರ್ಟು ಅದನ್ನು ಎಲ್ಲ ಕಾಲೇಜುಗಳಿಗೂ ವಿಸ್ತರಿಸಿತು. ಅರ್ಜಿ ಸಲ್ಲಿಕೆಯಾದದ್ದು 2006ರಲ್ಲಿ, ತೀರ್ಪು ಬಂದದ್ದು 2017ರಲ್ಲಿ. ಹನ್ನೊಂದು ವರ್ಷ! ಅಷ್ಟು ಹೊತ್ತಿಗೆ ಐದು ವರ್ಷದ ಎಲ್‌ಎಲ್‌ಬಿಯ ಎರಡು ತಂಡ ಪೂರ್ತಿ ಓದಿ ಹೊರಗೆ ಹೋಗಿದ್ದವು.

ಈಗ ಪರೀಕ್ಷೆಗೆ ಬರೋಣ, ಹೆಚ್ಚು ಕಾಟ ಅಲ್ಲೇ. ಹುಟ್ಟಿನಿಂದ ಕಣ್ಣು ಕಾಣದ ವಿದ್ಯಾರ್ಥಿ, ಕೈಯಲ್ಲಿ ಯುಡಿಐಡಿ ಕಾರ್ಡ್ ಇದೆ. ಆದರೂ ಪ್ರತಿ ಸೆಮಿಸ್ಟರ್ ಹೊಸ ಅರ್ಜಿ, ಹೊಸ ಜೆರಾಕ್ಸ್, ಹೊಸ ಸಹಿ. ಐದು ವರ್ಷಕ್ಕೆ ಹತ್ತು ಸೆಮಿಸ್ಟರ್. 'ನನಗೆ ಇನ್ನೂ ಕಣ್ಣು ಬಂದಿಲ್ಲ ಸಾರ್' ಎಂದು ಹತ್ತು ಸಲ ಬರೆದುಕೊಡಬೇಕು. ಕಾಲೇಜಿನವರು ವಿಶ್ವವಿದ್ಯಾಲಯದ ಕಡೆ ಕೈ ತೋರಿಸುತ್ತಾರೆ, ಹುಬ್ಬಳ್ಳಿಯ ನವನಗರಕ್ಕೆ ಫೋನು ಮಾಡಿದರೆ 'ಕಾಲೇಜಿನಿಂದ ಪತ್ರ ಬರಲಿ' ಅನ್ನುತ್ತಾರೆ. ಅನುಮತಿ ಕೈಗೆ ಬರುವ ಹೊತ್ತಿಗೆ ಮೊದಲ ಪೇಪರ್ ಮುಗಿದಿರುತ್ತದೆ.

ಸ್ಕ್ರೈಬ್ ಸಿಕ್ಕರೂ ಕತೆ ಮುಗಿಯಲಿಲ್ಲ. ಕೇಂದ್ರ ಸರ್ಕಾರದ 2018ರ ಮಾರ್ಗಸೂಚಿ ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚುವರಿ ಸಮಯ ಹೇಳಿತು. ಮೂರು ಗಂಟೆಯ ಪೇಪರಿಗೆ ನಾಲ್ಕು ಗಂಟೆ. ಅಭ್ಯರ್ಥಿ ತಾನೇ ಕರೆತರುವ ಸ್ಕ್ರೈಬ್‌ನ ಓದು ಅಭ್ಯರ್ಥಿಗಿಂತ ಒಂದು ಹಂತ ಕಡಿಮೆ ಇರಬೇಕು ಅಂತಲೂ ಹೇಳಿತು. ನಕಲು ತಡೆಯಲು ಇದು ಸರಿ ಅನ್ನಿಸಬಹುದು. ಆದರೆ ಪಿಯುಸಿ ಓದುವ ಹುಡುಗನಿಗೆ 'ರೆಸ್ ಜುಡಿಕಾಟಾ' ಅಂದರೆ ಏನು ಬರೆಯುತ್ತಾನೆ? ಅಕ್ಷರ ಅಕ್ಷರ ಬಿಡಿಸಿ ಹೇಳಬೇಕು. 'ನಿರ್ಬಂಧಕಾಜ್ಞೆ'ಗೆ ಒತ್ತು ಎಲ್ಲಿ ಅಂತ ಹೇಳಬೇಕು. ಹೆಚ್ಚುವರಿ ಸಿಕ್ಕ ಗಂಟೆ ಕಾಗುಣಿತಕ್ಕೇ ಹೋಗುತ್ತದೆ. ಕಂಪ್ಯೂಟರಿನಲ್ಲಿ ತಾನೇ ಟೈಪ್ ಮಾಡುತ್ತೇನೆ ಅಂದರೆ 'ಹಾಗೆಲ್ಲ ಪದ್ಧತಿ ಇಲ್ಲ' ಅನ್ನುತ್ತಾರೆ. ಬ್ರೈಲ್, ಕಂಪ್ಯೂಟರ್, ದೊಡ್ಡ ಅಕ್ಷರದ ಮುದ್ರಣ, ಯಾವುದರಲ್ಲಿ ಬರೆಯಬೇಕೆಂಬ ಆಯ್ಕೆಯನ್ನು ಆದಷ್ಟೂ ಅಭ್ಯರ್ಥಿಗೇ ಬಿಡಬೇಕು ಎಂದು ಕೇಂದ್ರ ಸರ್ಕಾರ 2013ರಲ್ಲೇ ಹೇಳಿತ್ತು.

'ಶೇ 40 ವೈಕಲ್ಯ ಇಲ್ಲ, ನಿಮಗೆ ಬರುವುದಿಲ್ಲ' ಎಂದು ವಾಪಸ್ ಕಳಿಸುವವರೂ ಇದ್ದಾರೆ. ಅವರು 2021ರ ಫೆಬ್ರುವರಿಯಲ್ಲಿ ಬಂದ ವಿಕಾಸ್ ಕುಮಾರ್ ವಿರುದ್ಧ ಯುಪಿಎಸ್‌ಸಿ ತೀರ್ಪನ್ನು ಓದಲಿ. ಬರೆಯುವಾಗ ಕೈ ಸೆಳೆತ ಬರುವ ಅಭ್ಯರ್ಥಿಗೆ ಯುಪಿಎಸ್‌ಸಿ ಸ್ಕ್ರೈಬ್ ನಿರಾಕರಿಸಿತ್ತು. ಶೇ 40ರ ಗೆರೆ ಇರುವುದು ಮೀಸಲಾತಿಯಂಥ ಕೆಲವು ಸೌಲಭ್ಯಗಳಿಗೆ, ತಕ್ಕ ಅನುಕೂಲ ಪಡೆಯುವ ಹಕ್ಕಿಗೆ ಆ ಗೆರೆ ಇಲ್ಲ ಎಂದಿತು ಸುಪ್ರೀಂ ಕೋರ್ಟ್. ದುರುಪಯೋಗ ಆಗಬಹುದೆಂಬ ಭಯ ಹಕ್ಕು ನಿರಾಕರಿಸಲು ಕಾರಣವಾಗದು ಎಂದೂ ಹೇಳಿತು. ಈ ತೀರ್ಪು ಕೆಲವು ಕಡೆ ವಿದ್ಯಾರ್ಥಿಗಳಿಗೆ ಸೆಮಿನಾರ್ ವಿಷಯ. ಸೆಮಿನಾರ್ ಮುಗಿಸಿ ಆಫೀಸಿಗೆ ಹೋದರೆ ಗುಮಾಸ್ತರು ಕೇಳುವುದು ಮತ್ತೆ ಶೇ 40.

ಇನ್ನು ಓದುವ ಸಾಮಗ್ರಿ. ನಮ್ಮ ಕಡೆ ಬಹಳ ಮಂದಿ ಕನ್ನಡ ನೋಟ್ಸ್ ನಂಬಿ ಓದುವವರು. ಆ ನೋಟ್ಸ್ ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಆಗಿರುತ್ತವೆ. ಕಣ್ಣಿಗೆ ಕನ್ನಡ, ಒಳಗೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಎನ್‌ವಿಡಿಎ ಎಂಬ ಉಚಿತ ತಂತ್ರಾಂಶ ಯೂನಿಕೋಡ್ ಕನ್ನಡವನ್ನು ಗಟ್ಟಿಯಾಗಿ ಓದಿ ಹೇಳುತ್ತದೆ. ಇದನ್ನು ಕೊಟ್ಟರೆ ಅರ್ಥವಿಲ್ಲದ ಸದ್ದು ಮಾಡುತ್ತದೆ. ಸ್ಕ್ಯಾನ್ ಮಾಡಿದ ಪಿಡಿಎಫ್ ಕೊಟ್ಟರೆ ಬಾಯಿಯನ್ನೇ ತೆರೆಯುವುದಿಲ್ಲ. ಯೂನಿಕೋಡ್‌ನಲ್ಲಿ ಟೈಪ್ ಮಾಡಲು ಒಂದು ಪೈಸೆ ಖರ್ಚಿಲ್ಲ. 'ಕಾಪಿರೈಟ್ ತೊಂದರೆ' ಎಂಬ ನೆಪವೂ ನಿಲ್ಲದು. 2012ರ ತಿದ್ದುಪಡಿಯ ನಂತರ ವಿಕಲಚೇತನರ ಓದಿಗಾಗಿ ಪುಸ್ತಕವನ್ನು ಅವರು ಬಳಸಬಲ್ಲ ರೂಪಕ್ಕೆ ತರುವುದು ಕೃತಿಸ್ವಾಮ್ಯ ಉಲ್ಲಂಘನೆಯಲ್ಲ. ಇದೂ ಅವರದೇ ಸಿಲಬಸ್ಸಿನ ವಿಷಯ.

ಹಿರಿಯ ವಕೀಲರೊಬ್ಬರು ನಮಗೆ ಹೇಳಿದ್ದುಂಟು: 'ಪರೀಕ್ಷೆಯಲ್ಲಿ ಟೈಮ್ ಕೊಡ್ತೀರಿ ಸರಿ, ನಾಳೆ ಕೋರ್ಟಿನಲ್ಲಿ ಜಡ್ಜ್ ಸಾಹೇಬ್ರು ಟೈಮ್ ಕೊಡ್ತಾರೇನ್ರಿ?' ಉತ್ತರ ಚರಿತ್ರೆಯಲ್ಲಿದೆ. ದೃಷ್ಟಿ ಇಲ್ಲದ ಸಾಧನ್ ಗುಪ್ತಾ 1953ರಲ್ಲಿ ಲೋಕಸಭೆಗೆ ಆಯ್ಕೆಯಾದರು, 1986ರಲ್ಲಿ ಪಶ್ಚಿಮ ಬಂಗಾಳದ ಅಡ್ವೊಕೇಟ್ ಜನರಲ್ ಆದರು. ಬೆಂಗಳೂರಿನ ವಕೀಲೆ ಸಾರಾ ಸನ್ನಿ ಅವರಿಗೆ ಕಿವಿ ಕೇಳುವುದಿಲ್ಲ. 2023ರ ಸೆಪ್ಟೆಂಬರ್‌ನಲ್ಲಿ ಅವರು ಸಂಜ್ಞಾ ಭಾಷೆಯ ಅನುವಾದಕರ ಮೂಲಕ ಸುಪ್ರೀಂ ಕೋರ್ಟಿನ ಕಲಾಪದಲ್ಲಿ ಭಾಗವಹಿಸಿದರು. 2024ರ ಏಪ್ರಿಲ್‌ನಲ್ಲಿ ನಮ್ಮದೇ ಹೈಕೋರ್ಟಿನಲ್ಲಿ ವಾದಿಸಿದರು. 2025ರ ಮಾರ್ಚ್ 3ರಂದು ಸುಪ್ರೀಂ ಕೋರ್ಟ್, ದೃಷ್ಟಿ ಇಲ್ಲ ಎಂಬ ಕಾರಣಕ್ಕೇ ನ್ಯಾಯಾಧೀಶರ ಹುದ್ದೆಯಿಂದ ಯಾರನ್ನೂ ಹೊರಗಿಡುವಂತಿಲ್ಲ ಎಂದಿತು, ಮಧ್ಯಪ್ರದೇಶದಲ್ಲಿ ಹಾಗೆ ಹೊರಗಿಡುತ್ತಿದ್ದ ನಿಯಮವನ್ನು ರದ್ದು ಮಾಡಿತು. ನ್ಯಾಯಪೀಠದ ಮೇಲೆ ಕೂರಬಹುದಾದವರು ನಿಮ್ಮ ಪರೀಕ್ಷಾ ಕೊಠಡಿಯಲ್ಲಿ ಕೂರಲು ಯಾಕೆ ಒದ್ದಾಡಬೇಕು?

ಸಣ್ಣ ಕಾಲೇಜುಗಳ ಬಳಿ ದುಡ್ಡಿಲ್ಲ ಅನ್ನುವ ಮಾತನ್ನು ನಾವು ಒಪ್ಪುತ್ತೇವೆ. ಕಾಯ್ದೆಯೂ ಮಿತಿಮೀರಿದ ಹೊರೆ ಹೊರಿಸುವುದಿಲ್ಲ. ಲಿಫ್ಟ್ ಬಗ್ಗೆ ವಾದ ಮಾಡಿ, ಕೇಳುತ್ತೇವೆ. ಆದರೆ ಮೇಲಿನ ತರಗತಿಯನ್ನು ಕೆಳಗಿನ ಕೊಠಡಿಗೆ ತರಲು ಎಷ್ಟು ಖರ್ಚು? ಪ್ರಾಂಶುಪಾಲರು ಮೇಲೆ ಹೋಗಿ ಕೂತರೆ ಆಯಿತು.

ನಮ್ಮ ಬೇಡಿಕೆ ದೊಡ್ಡದೇನಲ್ಲ. ಸ್ಕ್ರೈಬ್ ಮತ್ತು ಹೆಚ್ಚುವರಿ ಸಮಯದ ಅನುಮತಿ ಪ್ರವೇಶದ ದಿನವೇ ಸಿಗಲಿ, ಕೋರ್ಸ್ ಮುಗಿಯುವವರೆಗೆ ನಡೆಯಲಿ. ಸ್ಕ್ರೈಬ್‌ಗಳ ಪಟ್ಟಿಯನ್ನು ವಿಶ್ವವಿದ್ಯಾಲಯವೇ ಇಟ್ಟುಕೊಳ್ಳಲಿ, ಕಾನೂನಿನ ಪದ ಬರೆಯಲು ಬರುವವರನ್ನು ಕಳಿಸಲಿ. ಬೇಕಾದವರು ಕಂಪ್ಯೂಟರಿನಲ್ಲಿ ಉತ್ತರ ಬರೆಯಲಿ. ನೋಟ್ಸ್, ಸುತ್ತೋಲೆ ಯೂನಿಕೋಡ್‌ನಲ್ಲೇ ಬರಲಿ. ವಿಕಲಚೇತನ ವಿದ್ಯಾರ್ಥಿ ಇರುವ ತರಗತಿ ನೆಲಮಹಡಿಯಲ್ಲೇ ನಡೆಯಲಿ.

ಓದುಗರೇ, ನಿಮ್ಮ ಊರಿನಲ್ಲಿ ಸರ್ಕಾರಿ ಅಥವಾ ಅನುದಾನಿತ ಕಾನೂನು ಕಾಲೇಜಿದ್ದರೆ ಹತ್ತು ರೂಪಾಯಿ ಕಟ್ಟಿ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಮೂರೇ ಪ್ರಶ್ನೆ: ಶೇ 5ರ ಲೆಕ್ಕದಲ್ಲಿ ಎಷ್ಟು ಸೀಟು, ಎಷ್ಟು ತುಂಬಿದೆ? ಕಳೆದ ಮೂರು ವರ್ಷದಲ್ಲಿ ಸ್ಕ್ರೈಬ್ ಕೇಳಿದವರೆಷ್ಟು, ಕೊಟ್ಟದ್ದು ಎಷ್ಟು ದಿನಕ್ಕೆ? ಕಟ್ಟಡ ಹತ್ತಲು ಮೆಟ್ಟಿಲು ಬಿಟ್ಟು ಬೇರೆ ದಾರಿ ಇದೆಯೇ? ಖಾಸಗಿ ಕಾಲೇಜಿದ್ದರೆ ಇದೇ ಪ್ರಶ್ನೆಯನ್ನು ವಿಶ್ವವಿದ್ಯಾಲಯಕ್ಕೆ ಕೇಳಿ. 30 ದಿನದಲ್ಲಿ ಉತ್ತರ ಕೊಡಬೇಕು. ಬಂದ ಉತ್ತರ ನಮಗೆ ಕಳಿಸಿ. ಉತ್ತರ ಬರದಿದ್ದರೆ ಅದನ್ನೂ ಕಳಿಸಿ, ಕಾಲೇಜಿನ ಹೆಸರಿನ ಮುಂದೆ 'ಉತ್ತರ ಇಲ್ಲ' ಎಂದೇ ಪ್ರಕಟಿಸುತ್ತೇವೆ.